ಕಡೂನಾದ ಇಮಾಮ್, ಪಾದ್ರಿ ಮತ್ತು ನಮ್ಮೂರ ಶಾಂತಿ ಸಭೆ

ಕಾನೋ ಬಿಟ್ಟು ಬಂದವ:

ಎಲ್ಲರಿಗೂ ನಮಸ್ಕಾರ. ಈ ಸಲವೂ ನಮ್ಮೂರಲ್ಲಿ ಗಣೇಶನ ವಿಸರ್ಜನೆ, ಈದ್ ಮಿಲಾದ್ ಬೆನ್ನು ಬೆನ್ನಿಗೆ ಬಂದಿವೆ. ಬರುವ ಬುಧವಾರ ಪೊಲೀಸ್ ಠಾಣೆಯಲ್ಲಿ ಶಾಂತಿ ಸಭೆ. ನನ್ನನ್ನೂ ಕರೆದಿದ್ದಾರೆ. ಹೋಗುವ ಮೊದಲು ನಿಮ್ಮೆಲ್ಲರ ಹತ್ತಿರ ಒಂದು ವಿಷಯ ಮಾತಾಡಬೇಕು ಅನ್ನಿಸಿತು.

ಹೋದ ವರ್ಷದ ಸಭೆಗೂ ಹೋಗಿದ್ದೆ. ಮಠದ ಸ್ವಾಮಿಗಳು, ಮಸೀದಿಯ ಖತೀಬರು, ಚರ್ಚಿನ ಫಾದರ್ ಒಂದೇ ಸಾಲಲ್ಲಿ ಕೂತರು. ಮೂವರೂ ಚೆನ್ನಾಗಿ ಮಾತಾಡಿದರು. ಟೀ ಆಯಿತು, ಬಿಸ್ಕತ್ತು ಆಯಿತು. ಕೈ ಕೈ ಹಿಡಿದು ಫೋಟೊ ತೆಗೆಸಿಕೊಂಡರು. ಅದಾಗಿ ಹತ್ತು ದಿನಕ್ಕೆ ಯಾರೋ ಒಂದು ಸುಳ್ಳು ಸುದ್ದಿ ವಾಟ್ಸಾಪಿಗೆ ಬಿಟ್ಟರು. ಸಂತೆ ಬೀದಿಯ ಅರ್ಧ ಅಂಗಡಿಗಳು ನಾಲ್ಕು ಗಂಟೆಗೇ ಬಾಗಿಲು ಹಾಕಿದವು. ಆ ಸಂಜೆ ಮೂವರಲ್ಲಿ ಒಬ್ಬರೂ ಬೀದಿಗೆ ಬರಲಿಲ್ಲ. ಅದೃಷ್ಟಕ್ಕೆ ಏನೂ ಅನಾಹುತ ಆಗಲಿಲ್ಲ. ಆದರೆ ಆ ಎರಡು ತಾಸು ನಾನು ಹೇಗೆ ಕಳೆದೆ ಅಂತ ನನಗೆ ಗೊತ್ತು. ಯಾಕಂದ್ರೆ ಇಂಥದ್ದು ಮುಂದೆ ಹೋದರೆ ಏನಾಗುತ್ತದೆ ಅಂತ ಬೇರೆ ಕಡೆ ನೋಡಿ ಬಂದವನು ನಾನು.

ನೈಜೀರಿಯಾದ ಕಾನೋ ಪಟ್ಟಣದ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಎಂಟು ವರ್ಷ ಲೆಕ್ಕ ಬರೆದೆ. ಕೆಲಸದ ಮೇಲೆ ಕಡೂನಾಕ್ಕೆ ತಿಂಗಳಿಗೊಮ್ಮೆ ಹೋಗಬೇಕಿತ್ತು. ಆ ಊರಿನ ನಡುವೆ ಕಡೂನಾ ಅನ್ನುವ ನದಿಯೇ ಹರಿಯುತ್ತದೆ. 2000ನೇ ಇಸವಿಯಲ್ಲಿ ಷರಿಯಾ ಕಾನೂನಿನ ವಿಷಯಕ್ಕೆ ಅಲ್ಲಿ ದೊಡ್ಡ ಗಲಭೆ ಆಯಿತು. ಎರಡು ಸಾವಿರದಷ್ಟು ಜನ ಸತ್ತರು ಅನ್ನುವ ಅಂದಾಜಿದೆ. ಆಮೇಲೆ ಜನ ಮನೆ ಬದಲಾಯಿಸಿದರು. ಹೊಳೆಯ ಉತ್ತರಕ್ಕೆ ಹೆಚ್ಚಾಗಿ ಮುಸ್ಲಿಮರು, ದಕ್ಷಿಣಕ್ಕೆ ಕ್ರೈಸ್ತರು. ನಮ್ಮ ಕಂಪನಿಯ ಡ್ರೈವರ್ ಹೌಸಾ ಜನಾಂಗದ ಮುಸ್ಲಿಂ. ಒಂದು ದಿನ ದಕ್ಷಿಣದ ಸಬೋನ್ ತಾಶಾ ಕಡೆ ಹೋಗಬೇಕಿತ್ತು. ಸೇತುವೆ ಹತ್ತಿರ ಬಂದಾಗ ಗಾಡಿ ನಿಧಾನ ಮಾಡಿದ. ತಲೆ ಮೇಲಿದ್ದ ಕಸೂತಿ ಟೋಪಿ ತೆಗೆದ. ಎರಡಾಗಿ ಮಡಚಿ ಸೀಟಿನ ಕೆಳಗೆ ತುರುಕಿದ. ಒಂದು ಮಾತೂ ಆಡಲಿಲ್ಲ. ಸಂಜೆ ವಾಪಸ್ ಬರುವಾಗ ಸೇತುವೆ ದಾಟಿದ ಮೇಲೆ ಅದನ್ನು ತೆಗೆದು, ಮೊಣಕಾಲ ಮೇಲೆ ತಟ್ಟಿ ಧೂಳು ಕೊಡವಿ, ಮತ್ತೆ ಹಾಕಿಕೊಂಡ. ಅಷ್ಟೇ. ಇಪ್ಪತ್ತು ವರ್ಷ ಆಯಿತು, ಆ ಟೋಪಿ ನನ್ನ ಕಣ್ಣ ಮುಂದಿಂದ ಹೋಗಿಲ್ಲ.

ಅದೇ ಡ್ರೈವರ್ ನನಗೆ ಇಮಾಮ್ ಮುಹಮ್ಮದ್ ಅಶಫಾ, ಪಾದ್ರಿ ಜೇಮ್ಸ್ ವುಯೆ ಅವರ ಕಥೆ ಹೇಳಿದ್ದು. ಇಬ್ಬರೂ ಕಡೂನಾದವರೇ. ಒಂದು ಕಾಲಕ್ಕೆ ಇಬ್ಬರೂ ಎದುರು ಬದುರು ಗುಂಪುಗಳಿಗೆ ಮುಂದಾಳುಗಳು, ಹುಡುಗರನ್ನು ಹೊಡೆದಾಟಕ್ಕೆ ಕಳಿಸುತ್ತಿದ್ದವರು. 1992ರಲ್ಲಿ ಅದೇ ರಾಜ್ಯದ ಜಾಂಗೋನ್ ಕಟಾಫ್ ಅನ್ನುವ ಊರಿನ ಗಲಭೆ ಕಡೂನಾಕ್ಕೂ ಹರಡಿತು. ವುಯೆ ಬಲಗೈ ಕಳೆದುಕೊಂಡರು. ಅಶಫಾ ತಮ್ಮ ಗುರುಗಳನ್ನು, ಇಬ್ಬರು ಅಣ್ಣತಮ್ಮಂದಿರನ್ನು (ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಅಂದುಕೊಳ್ಳಿ) ಕಳೆದುಕೊಂಡರು. ಇಬ್ಬರಿಗೂ ಸೇಡಿನದ್ದೇ ಯೋಚನೆ.

1995ರಲ್ಲಿ ಸರ್ಕಾರದ ಒಂದು ಸಭೆಗೆ ಇಬ್ಬರೂ ಬಂದಿದ್ದರು. ಮಕ್ಕಳಿಗೆ ಲಸಿಕೆ ಹಾಕಿಸುವ ವಿಷಯದ ಸಭೆ ಅದು. ಒಬ್ಬ ಪತ್ರಕರ್ತ ಇಬ್ಬರ ಕೈ ಹಿಡಿದು ಎದುರು ಬದುರು ನಿಲ್ಲಿಸಿ, ನೀವಿಬ್ಬರು ಮನಸ್ಸು ಮಾಡಿದರೆ ಇದು ನಿಲ್ಲುತ್ತದೆ ಅಂದ. ಅಲ್ಲಿಂದ ಶುರು. ಅದೇ ವರ್ಷ ಇಬ್ಬರೂ ಸೇರಿ ಅಂತರ್ಧರ್ಮೀಯ ಸಂಧಾನ ಕೇಂದ್ರ ತೆರೆದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಕೇಂದ್ರ ತೆರೆದ ಮೇಲೂ ವುಯೆ ಅವರ ಮನಸ್ಸಿನ ವಿಷ ಹೋಗಿರಲಿಲ್ಲ. ಜೊತೆಗೇ ಊರೂರು ತಿರುಗುತ್ತಿದ್ದರು, ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು. ಪಕ್ಕದ ಹಾಸಿಗೆಯಲ್ಲಿ ಇಮಾಮರು ನಿದ್ದೆ ಹೋಗಿದ್ದಾಗ ದಿಂಬು ಒತ್ತಿ ಉಸಿರು ನಿಲ್ಲಿಸಿಬಿಡಲೇ ಅನ್ನಿಸಿತ್ತು ಅಂತ ವುಯೆ ಅವರೇ ಆಮೇಲೆ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಆ ದ್ವೇಷ ಕರಗಲು ಸುಮಾರು ಮೂರು ವರ್ಷ ಹಿಡಿಯಿತು.

ನನ್ನ ಪ್ರಶ್ನೆ ಇಷ್ಟೇ. ಧರ್ಮಗುರುಗಳು ಒಂದೇ ವೇದಿಕೆಯಲ್ಲಿ ಕೂತರೆ ಏನಾದರೂ ಪ್ರಯೋಜನ ಇದೆಯಾ? ಇದ್ದರೆ, ಕೂತಾಗ ಬರುತ್ತದಾ, ಎದ್ದು ಅವರವರ ಜನರ ಹತ್ತಿರ ಹೋದ ಮೇಲೆ ಬರುತ್ತದಾ?


ತುಂಗಭದ್ರೆ ಮೇಷ್ಟ್ರು:

ಸಾರ್, ಓದಿ ಮನಸ್ಸು ಭಾರ ಆಯಿತು. ಆದರೂ ಒಂದು ಮಾತು ಕೇಳಲೇಬೇಕು. ಬೇಸರ ಮಾಡಿಕೊಳ್ಳಬೇಡಿ.

ನೀವು ಹೇಳಿದ ಇದೇ ಕಡೂನಾದಲ್ಲಿ 2002ರ ಆಗಸ್ಟಿನಲ್ಲಿ ಎರಡೂ ಧರ್ಮದ ಮುಖಂಡರು ಸೇರಿ ಶಾಂತಿ ಘೋಷಣೆಗೆ ಸಹಿ ಹಾಕಿದರು. ನಿಮ್ಮ ಇಮಾಮ್, ಪಾದ್ರಿ ಇಬ್ಬರೂ ಅದರ ಹಿಂದೆ ದುಡಿದಿದ್ದರು. ಮೂರೇ ತಿಂಗಳು. ನವೆಂಬರಿನಲ್ಲಿ ಮಿಸ್ ವರ್ಲ್ಡ್ ಸ್ಪರ್ಧೆಯ ಬಗ್ಗೆ ಪತ್ರಿಕೆಯೊಂದರಲ್ಲಿ ಬಂದ ಒಂದು ಬರಹಕ್ಕೆ ಊರು ಮತ್ತೆ ಹೊತ್ತಿ ಉರಿಯಿತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2011ರ ಚುನಾವಣೆ ಆದ ಮೇಲೆ ಮತ್ತೆ. ಉತ್ತರ ನೈಜೀರಿಯಾದಲ್ಲಿ ಮೂರು ದಿನಕ್ಕೆ 800ಕ್ಕೂ ಹೆಚ್ಚು ಸಾವು, ಅದರಲ್ಲಿ ಕಡೂನಾ ರಾಜ್ಯದ್ದೇ ದೊಡ್ಡ ಪಾಲು.

ಹಾಗಾದರೆ ಆ ಸಹಿಗೆ ಏನು ಬೆಲೆ ಬಂತು? ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಪಾಠ ಮಾಡಿದವನು ನಾನು. ಜಗಳ ಹುಟ್ಟುವುದು ದೇವರ ವಿಷಯಕ್ಕಲ್ಲ. ಜಮೀನು, ಸಂತೆ, ಕೆಲಸ, ವೋಟು, ಇವುಗಳಿಂದ ಹುಟ್ಟುತ್ತದೆ. ಜಾಂಗೋನ್ ಕಟಾಫಿನ ಗಲಭೆ ಶುರುವಾಗಿದ್ದೂ ಸಂತೆಯ ಜಾಗ ಬದಲಾಯಿಸುವ ವಿಷಯಕ್ಕೆ. ಅದನ್ನು ಸರಿ ಮಾಡಬೇಕಾದವರು ಸುಮ್ನೆ ಕೂತು, ಸ್ವಾಮಿಗಳನ್ನೂ ಮೌಲ್ವಿಗಳನ್ನೂ ಮುಂದೆ ಬಿಟ್ಟರೆ ಹೇಗೆ?


ಕಾನೋ ಬಿಟ್ಟು ಬಂದವ:

ಬೇಸರ ಯಾಕೆ ಮೇಷ್ಟ್ರೇ, ನೀವು ಹೇಳಿದ್ದು ನಿಜ. ಆ ನವೆಂಬರಿನಲ್ಲಿ ನಾನು ಕಾನೋದಲ್ಲೇ ಇದ್ದೆ. ನಾಲ್ಕು ದಿನ ಕಾರ್ಖಾನೆಯ ಗೇಟಿನಿಂದ ಆಚೆ ಬರಲಿಲ್ಲ.

ಆದರೆ ಯೆಲ್ವಾ ಅನ್ನುವ ಊರಿನದನ್ನೂ ಕೇಳಿ. ಪ್ಲೇಟೋ ರಾಜ್ಯದ ಊರು. 2004ರ ಫೆಬ್ರವರಿಯಲ್ಲಿ ಅಲ್ಲಿ ಕ್ರೈಸ್ತರನ್ನು ಕೊಂದರು, ಚರ್ಚಿನ ಅಂಗಳದಲ್ಲೇ. ಮೇ ತಿಂಗಳಲ್ಲಿ ಅದಕ್ಕೆ ಸೇಡು. ಸುಮಾರು 700 ಜನ ಸತ್ತರು, ಹೆಚ್ಚಿನವರು ಮುಸ್ಲಿಮರು. ನೀವು ಹೇಳಿದ ಹಾಗೆ ಬೇರು ಇದ್ದದ್ದು ಜಮೀನಿನಲ್ಲಿ, ಯಾರು ಮೂಲ ನಿವಾಸಿ ಯಾರು ಹೊರಗಿನವರು ಅನ್ನುವುದರಲ್ಲಿ. ಅಶಫಾ, ವುಯೆ ಇಬ್ಬರೂ ಅಲ್ಲಿಗೆ ಹೋದರು. ಮೊದಲು ಒಬ್ಬೊಬ್ಬರನ್ನೇ, ಆಮೇಲೆ ಎರಡೂ ಕಡೆಯವರನ್ನು ಒಂದೇ ಕೋಣೆಯಲ್ಲಿ ಕೂರಿಸಿದರು. ಬೈದಾಟ ಆಯಿತು, ಅಳು ಆಯಿತು. ಮುಸ್ಲಿಮರು ಏನು ತಪ್ಪು ಮಾಡಿದರು ಅಂತ ಮುಸ್ಲಿಮರೇ ಹೇಳಬೇಕು, ಕ್ರೈಸ್ತರದ್ದನ್ನು ಕ್ರೈಸ್ತರೇ ಹೇಳಬೇಕು. ಎದುರಿನವರ ಪಟ್ಟಿ ಓದುವುದು ಸುಲಭ. ನಮ್ಮದನ್ನು ನಾವೇ ಓದುವುದು ಕಷ್ಟ. ಮರು ವರ್ಷ ಆ ಊರಲ್ಲಿ ಎರಡೂ ಕಡೆಯವರು ಸೇರಿ ಬಯಲಲ್ಲಿ ಶಾಂತಿ ಹಬ್ಬ ಮಾಡಿದರು.

ಸಂತೆ ಜಾಗದ ಜಗಳವನ್ನು ಇಮಾಮರು ತೀರಿಸಲಾರರು, ಒಪ್ಪುತ್ತೇನೆ. ಆದರೆ ಸಂತೆ ಜಗಳವನ್ನು ಧರ್ಮಯುದ್ಧ ಅಂತ ಹೇಳಿ ಹುಡುಗರನ್ನು ಎಬ್ಬಿಸುವವರು ಇರುತ್ತಾರಲ್ಲ, ಅವರ ಬಾಯಿ ಕಟ್ಟುವ ಶಕ್ತಿ ತಹಶೀಲ್ದಾರರಿಗೆ ಇಲ್ಲ. ಅದು ಇಮಾಮರಿಗೇ ಇರುವುದು, ಪಾದ್ರಿಗೇ ಇರುವುದು. ಈ ಇಬ್ಬರನ್ನೂ ಅವರವರ ಜನ ದ್ರೋಹಿ ಅಂದರು. ಅದನ್ನು ಸಹಿಸಿಕೊಂಡರು ನೋಡಿ, ನನಗೆ ಅದು ದೊಡ್ಡದಾಗಿ ಕಾಣುತ್ತದೆ.


ಬೆಟ್ಟದ ಕೆಳಗಿನ ಮನೆ:

ಇದನ್ನು ಓದುತ್ತಾ ನನಗೆ ಬಾಂಗೀ ನೆನಪಾಯಿತು. ಮಧ್ಯ ಆಫ್ರಿಕಾ ಗಣರಾಜ್ಯದ ರಾಜಧಾನಿ. ನನ್ನ ಅಣ್ಣ ಅಲ್ಲಿ ವಿಶ್ವಸಂಸ್ಥೆಯ ಕೆಲಸದಲ್ಲಿ ಎರಡು ವರ್ಷ ಇದ್ದ. ಹಾಗಾಗಿ ಆ ಊರಿನ ಸುದ್ದಿ ಹುಡುಕಿ ಹುಡುಕಿ ಓದುತ್ತಿದ್ದೆ.

2013ರ ಮಾರ್ಚಿನಲ್ಲಿ ಸೆಲೆಕಾ ಅನ್ನುವ ಬಂಡುಕೋರರು ಸರ್ಕಾರ ಉರುಳಿಸಿದರು. ಅವರಲ್ಲಿ ಹೆಚ್ಚಿನವರು ಮುಸ್ಲಿಮರು. ಲೂಟಿ, ಕೊಲೆ ಶುರುವಾಯಿತು. ಅವರ ವಿರುದ್ಧ ಆಂಟಿ ಬಲಾಕಾ ಅನ್ನುವ, ಹೆಚ್ಚಾಗಿ ಕ್ರೈಸ್ತರಿದ್ದ ಪಡೆ ಎದ್ದಿತು. ಡಿಸೆಂಬರ್ 5ರಂದು ಅವರು ಬಾಂಗೀ ಮೇಲೆ ಬಿದ್ದರು. ಆಮೇಲೆ ಮಸೀದಿಗಳು ಸುಟ್ಟವು, ಮುಸ್ಲಿಮರು ಸಾವಿರಗಟ್ಟಲೆ ಊರು ಬಿಟ್ಟರು.

ಆ ದೇಶದ ಮುಸ್ಲಿಂ ಸಮುದಾಯದ ಅಧ್ಯಕ್ಷರು ಇಮಾಮ್ ಉಮರ್ ಕೊಬಿನ್ ಲಯಾಮಾ. ಅವರ ಜೀವಕ್ಕೇ ಅಪಾಯ ಬಂತು. ಎಲ್ಲಿಗೆ ಹೋದರು ಗೊತ್ತಾ? ಬಾಂಗೀಯ ಆರ್ಚ್‌ಬಿಷಪ್ ದಿಯೂದೊನೆ ನ್ಜಪಲೈಂಗಾ ಅವರ ಮನೆಗೆ. ಹೆಂಡತಿ ಮಕ್ಕಳ ಜೊತೆ ತಿಂಗಳುಗಟ್ಟಲೆ ಅಲ್ಲೇ ಇದ್ದರು. ನಾನು ಯಾವಾಗಲೂ ಯೋಚಿಸುವುದು ಆ ಮನೆಯ ದಿನಚರಿ ಬಗ್ಗೆ. ಒಂದೇ ಚಾವಣಿ ಕೆಳಗೆ ಒಬ್ಬರ ನಮಾಜು, ಒಬ್ಬರ ಜಪ. ಗೇಟಿನ ಹೊರಗೆ ಮಚ್ಚು ಹಿಡಿದವರು. ಒಳಗೆ ಮಕ್ಕಳಿಗೆ ಊಟ ಹಾಕಬೇಕು, ಬಟ್ಟೆ ಒಗೆಯಬೇಕು. ಫೋಟೊಕ್ಕೆ ಕೈ ಹಿಡಿಯುವುದು ಬೇರೆ, ಆರು ತಿಂಗಳು ಮನೆಯಲ್ಲಿ ಇಟ್ಟುಕೊಳ್ಳುವುದು ಬೇರೆ ಅಲ್ವಾ?

ಇವರಿಬ್ಬರ ಜೊತೆ ಪಾದ್ರಿ ನಿಕೋಲಾ ಗೆರೆಕೊಯಾಮೆ ಗ್ಬಾಂಗೂ ಕೂಡ ಇದ್ದರು, ಇವಾಂಜೆಲಿಕಲ್ ಚರ್ಚುಗಳ ಮುಖ್ಯಸ್ಥರು. ಮೂವರೂ ಒಟ್ಟಿಗೆ ಹಳ್ಳಿ ಹಳ್ಳಿಗೆ ಹೋದರು. ಇದು ಧರ್ಮದ ಯುದ್ಧ ಅಲ್ಲ, ಕುರ್ಚಿಗಾಗಿ ಮತ್ತು ವಜ್ರ ಚಿನ್ನಕ್ಕಾಗಿ ನಡೆಯುತ್ತಿರುವುದು ಅಂತ ಎಲ್ಲ ಕಡೆ ಹೇಳಿದರು. 2015ರಲ್ಲಿ ಮೂವರಿಗೂ ಸೇರಿ ಜಿನೀವಾದಲ್ಲಿ ಸೆರ್ಜಿಯೊ ವಿಯೆರಾ ಡಿ ಮೆಲೊ ಪ್ರಶಸ್ತಿ ಬಂತು.

ಅದೇ ವರ್ಷ ನವೆಂಬರ್ 30ರಂದು ಪೋಪ್ ಫ್ರಾನ್ಸಿಸ್ ಬಾಂಗೀಯ ಪಿಕೆ5 ಬಡಾವಣೆಗೆ ಹೋದರು. ಮುಸ್ಲಿಮರು ಸುತ್ತಲೂ ಶತ್ರುಗಳ ನಡುವೆ ಸಿಕ್ಕಿಕೊಂಡಿದ್ದ ಜಾಗ ಅದು. ಅಲ್ಲಿನ ಕೂದುಕು ಮಸೀದಿಯೊಳಗೆ ಹೋಗಿ ಬಂದು, ಇಮಾಮರನ್ನು ತಮ್ಮ ತೆರೆದ ಗಾಡಿಯಲ್ಲೇ ಹತ್ತಿಸಿಕೊಂಡರು.

ಮೇಷ್ಟ್ರು ಕೇಳುವ ಮೊದಲೇ ನಾನೇ ಹೇಳುತ್ತೇನೆ, ಅಲ್ಲಿಯೂ ರಕ್ತ ನಿಲ್ಲಲಿಲ್ಲ. 2017ರಲ್ಲಿ ಬಂಗಸ್ಸೂ ಪಟ್ಟಣದಲ್ಲಿ ಮಸೀದಿ ಮೇಲೆ ದಾಳಿ ಆಯಿತು. 2018ರ ಮೇ 1ರಂದು ಬಾಂಗೀಯ ಫಾತಿಮಾ ಚರ್ಚಿಗೆ ನುಗ್ಗಿದರು, ಪಾದ್ರಿ ಒಬ್ಬರು ಸತ್ತರು. ಆದರೆ ಬಂಗಸ್ಸೂನಲ್ಲಿ ಓಡಿ ಬಂದ ಮುಸ್ಲಿಮರಿಗೆ, ಸಾವಿರಕ್ಕೂ ಜಾಸ್ತಿ ಜನಕ್ಕೆ, ಜಾಗ ಸಿಕ್ಕಿದ್ದು ಅಲ್ಲಿನ ಬಿಷಪ್ಪರ ಅಂಗಳದಲ್ಲಿ. ಬೊಸೆಂಪ್ಟೆಲೆ ಅನ್ನುವ ಊರಲ್ಲಿ ಬರ್ನಾರ್ಡ್ ಕಿನ್ವಿ ಅನ್ನುವ ಯುವ ಪಾದ್ರಿ ನೂರಾರು ಮುಸ್ಲಿಮರನ್ನು ಚರ್ಚಿನಲ್ಲಿ, ಆಸ್ಪತ್ರೆಯಲ್ಲಿ ಅಡಗಿಸಿ ಉಳಿಸಿದರು. ಉಳಿದವರನ್ನು ಹುಡುಕಿಕೊಂಡು ಊರೆಲ್ಲ ತಿರುಗಿದರು.

ಯುದ್ಧ ನಿಂತಿತಾ ಅಂತ ಕೇಳಿದರೆ ಇಲ್ಲ ಅನ್ನಬೇಕು. ಎಷ್ಟು ಜನ ಬದುಕಿದರು ಅಂತ ಕೇಳಿದರೆ ಉತ್ತರ ಬೇರೆ. ನನಗೆ ಎರಡನೇ ಪ್ರಶ್ನೆ ಮುಖ್ಯ.

ಲಯಾಮಾ ಅವರು 2020ರ ನವೆಂಬರಿನಲ್ಲಿ ತೀರಿಕೊಂಡರು.


ಕರಾವಳಿ ಬ್ಯಾರಿ:

ಅಕ್ಕ, ಒಳ್ಳೆಯ ಮಾತು ಬರೆದಿದ್ದೀರಿ. ನಾನು ಈ ಕಡೆಯಿಂದ ಒಂದು ಹೇಳುತ್ತೇನೆ.

ನನ್ನ ಮಾವ ಒಂದು ಸಣ್ಣ ಊರಲ್ಲಿ ಹದಿನಾರು ವರ್ಷ ಖತೀಬರಾಗಿದ್ದರು. ಖತೀಬರಿಗೆ ಸಂಬಳ ಕೊಡುವುದು ಜಮಾಅತ್ ಕಮಿಟಿ. ಮನೆ ಕೊಡುವುದೂ ಅವರೇ. ಒಂದು ವರ್ಷ ಊರಲ್ಲಿ ಬಿಸಿ ಇತ್ತು. ಮಾವ ಶುಕ್ರವಾರದ ಬಯಾನಿನಲ್ಲಿ (ಪ್ರವಚನ), ನಮ್ಮ ಹುಡುಗರು ಪಕ್ಕದ ಬೀದಿಯ ಬ್ಯಾನರ್ ಹರಿದದ್ದು ತಪ್ಪು, ಹೋಗಿ ಒಪ್ಪಿಕೊಂಡು ಬನ್ನಿ ಅಂದುಬಿಟ್ಟರು. ಇಬ್ಬರು ಹುಡುಗರು ಹೋಗಿ ಒಪ್ಪಿಕೊಂಡು ಬಂದರು ಕೂಡ. ಆದರೆ ತಿಂಗಳೊಳಗೆ ಕಮಿಟಿ ಮಾವನಿಗೆ ಬೇರೆ ಊರು ನೋಡಿಕೊಳ್ಳಿ ಅಂದಿತು. ಸಾಮಾನು ಕಟ್ಟುವ ದಿನ ನಾನೇ ಪಿಕಪ್ ತೆಗೆದುಕೊಂಡು ಹೋಗಿದ್ದೆ. ಎರಡು ಕಬ್ಬಿಣದ ಪೆಟ್ಟಿಗೆ, ಒಂದು ಮಂಚ, ಕಿತಾಬುಗಳು. ಬ್ಯಾನರ್ ಕಟ್ಟಿದ್ದ ಆ ಪಕ್ಕದ ಬೀದಿಯ ಒಬ್ಬರು ಮಂಚ ಎತ್ತಲು ಕೈ ಹಾಕಿದರು. ನಮ್ಮವರು ಯಾರೂ ಬರಲಿಲ್ಲ.

ಹಾಗಾಗಿ ಸ್ವಾಮಿಗಳು ಯಾಕೆ ಬೀದಿಗೆ ಬರಲಿಲ್ಲ, ಮೌಲ್ವಿಗಳು ಯಾಕೆ ಸುಮ್ಮನಿದ್ದರು ಅಂತ ಕೇಳುವಾಗ ಇದನ್ನೂ ನೆನಪಿಡಿ. ಅವರ ಅನ್ನ ಯಾರ ಕೈಯಲ್ಲಿದೆ ಅಂತ ನೋಡಿ. ಗುರುಗಳಿಗೆ ಧೈರ್ಯ ಇಲ್ಲ ಅನ್ನುತ್ತೇವೆ. ಧೈರ್ಯ ತೋರಿದ ದಿನ ಅವರ ಹಿಂದೆ ನಿಲ್ಲುವವರು ಎಷ್ಟು ಜನ ಇದ್ದೇವೆ?


ಕಾನೋ ಬಿಟ್ಟು ಬಂದವ:

ಬ್ಯಾರಿಯವರೇ, ಹೋದ ವರ್ಷ ಮೂವರಲ್ಲಿ ಒಬ್ಬರೂ ಬರಲಿಲ್ಲ ಅಂತ ಬರೆದೆ. ಅವರ ಮನೆಗೆ ಹೋಗಿ, ಬನ್ನಿ ಜೊತೆಗೆ ನಾನೂ ಬರುತ್ತೇನೆ ಅಂತ ನಾನೂ ಕರೆಯಲಿಲ್ಲ. ಈಗ ಅದು ಹೊಳೆಯುತ್ತಿದೆ. ನಿಮ್ಮ ಮಾವನವರಿಗೆ ನನ್ನ ಸಲಾಂ ತಿಳಿಸಿ.


ಗದಗಿನ ಹುಡುಗ:

ನಮ್ಮ ಕಡೆ ಸ್ವಾಮಿಗಳಿಗೆ ಅಜ್ಜಾರು ಅಂತೀವಿ. ನಮ್ಮ ತೋಂಟದಾರ್ಯ ಮಠದ ಸಿದ್ಧಲಿಂಗ ಅಜ್ಜಾರ ವಿಷಯ ಇಲ್ಲಿ ಬರಲೇಬೇಕು. 2018ರ ಅಕ್ಟೋಬರಿನಲ್ಲಿ ಲಿಂಗೈಕ್ಯರಾದರು. 2001ರಲ್ಲಿ ಕೇಂದ್ರ ಸರ್ಕಾರದ ಕೋಮು ಸೌಹಾರ್ದ ಪ್ರಶಸ್ತಿ ಅವರಿಗೆ ಬಂದಿತ್ತು. ಪುಸ್ತಕ ಬಹಳ ತರುತ್ತಿದ್ದರು ಅಂತ ಜನ ಪುಸ್ತಕದ ಸ್ವಾಮಿ ಅನ್ನುತ್ತಿದ್ದರು.

ಮಠದಲ್ಲಿ ಸೋಮವಾರಕ್ಕೊಮ್ಮೆ ಶಿವಾನುಭವ ನಡೆಯುತ್ತದೆ. ನಮ್ಮಪ್ಪ ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ. ಅಪ್ಪನ ಜೊತೆ ಅವನ ಗೆಳೆಯ, ಬಳೆ ಅಂಗಡಿ ಚಾಚಾ ಕೂಡ ಬರುತ್ತಿದ್ದರು. ಚಾಚಾಗೆ ಯಾರೂ ನೀವು ಯಾಕೆ ಬಂದಿರಿ ಅಂತ ಕೇಳಿದ್ದು ನಾನು ಕಾಣೆ. ಅವರು ಪ್ರತಿ ಸಲ ಒಂದೇ ಕಂಬಕ್ಕೆ ಒರಗಿ ಕೂರುತ್ತಿದ್ದರು. ಮುಗಿದ ಮೇಲೆ ಹೊರಗೆ ಬಂದು ಅವತ್ತಿನ ವಚನದ ಅರ್ಥದ ಬಗ್ಗೆ ಅಪ್ಪನ ಜೊತೆ ವಾದ ಮಾಡುತ್ತಿದ್ದರು. ಎಷ್ಟೋ ಸಲ ಅವರೇ ಸರಿ ಇರುತ್ತಿದ್ದರು.

2011ರಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಹಳ್ಳಿಗುಡಿ ಸುತ್ತಮುತ್ತಲ ಹೊಲ ಹೋಗುವುದಿತ್ತು. ಅಜ್ಜಾರು ರೈತರ ಮುಂದೆ ನಿಂತರು. ಯೋಜನೆ ಕೈಬಿಟ್ಟರು. ಹೊಲ ಹೋಗುವುದಿದ್ದಾಗ ಇವರು ಯಾವ ಜಾತಿ ಅಂತ ಯಾರು ಕೇಳುತ್ತಾರೆ? ಮೇಷ್ಟ್ರು ಹೇಳಿದ ಜಮೀನಿನ ಮಾತಿಗೆ ಇದೇ ನನ್ನ ಉತ್ತರ. ಧರ್ಮದ ಗುರು ಜಮೀನಿನ ಜಗಳಕ್ಕೂ ಬರಬಹುದು, ಬಂದರೆ ಒಳ್ಳೆಯದು.


ಮಲೆನಾಡಿನ ನರ್ಸ್:

ಇಷ್ಟು ಹೊತ್ತು ಓದಿದೆ. ಇಮಾಮರು, ಪಾದ್ರಿಗಳು, ಬಿಷಪ್ಪರು, ಸ್ವಾಮಿಗಳು. ಒಂದು ಹೆಂಗಸಿನ ಹೆಸರೂ ಬಂದಿಲ್ಲ. ಕೋಪದಿಂದ ಹೇಳುತ್ತಿಲ್ಲ, ಆದರೆ ಹೇಳಬೇಕು.

ಲೈಬೀರಿಯಾದಲ್ಲಿ 2003ರಲ್ಲಿ ಯುದ್ಧ ನಡೆಯುತ್ತಿತ್ತು. ಲೇಮಾ ಗ್ಬೋವಿ ಚರ್ಚಿನ ಹೆಂಗಸರನ್ನು ಸೇರಿಸುತ್ತಿದ್ದರು. ಆಸಾಟು ಬಾ ಕೆನೆತ್ ಅನ್ನುವವರು ಪೊಲೀಸ್ ಇಲಾಖೆಯಲ್ಲಿದ್ದ ಮುಸ್ಲಿಂ ಮಹಿಳೆ. ಚರ್ಚಿಗೇ ಬಂದು, ನಮ್ಮ ಮುಸ್ಲಿಂ ಹೆಂಗಸರನ್ನೂ ಕರೆತರುತ್ತೇನೆ ಅಂದರು. ಮೊದಮೊದಲು ಬೇರೆ ಧರ್ಮದವರ ಜೊತೆ ಕೂತು ಪ್ರಾರ್ಥನೆ ಮಾಡುವುದಕ್ಕೆ ಕೆಲವರಿಗೆ ಹಿಂಜರಿಕೆ ಇತ್ತು. ಆಮೇಲೆ ಎಲ್ಲರೂ ಬಿಳಿ ಬಟ್ಟೆ ಹಾಕಿಕೊಂಡು ಮನ್ರೋವಿಯಾದ ಮೀನು ಮಾರುಕಟ್ಟೆ ಹತ್ತಿರದ ಬಯಲಲ್ಲಿ ಕೂತರು. ಅಧ್ಯಕ್ಷ ಚಾರ್ಲ್ಸ್ ಟೇಲರ್ ಓಡಾಡುವ ದಾರಿ ಅದು. ಬಿಸಿಲಿಗೂ ಕೂತರು, ಮಳೆಗೂ ಕೂತರು.

ಶಾಂತಿ ಮಾತುಕತೆ ಘಾನಾ ದೇಶದಲ್ಲಿ ಶುರುವಾಯಿತು. ವಾರಗಟ್ಟಲೆ ಎಳೆದರು. ಹೆಂಗಸರು ಅಲ್ಲಿಗೂ ಹೋಗಿ ಸಭೆಯ ಬಾಗಿಲಿಗೆ ಅಡ್ಡ ಕೂತುಬಿಟ್ಟರು. ಒಪ್ಪಂದ ಆಗುವವರೆಗೆ ಒಳಗಿನ ಗಂಡಸರನ್ನು ಹೊರಗೆ ಬಿಡುವುದಿಲ್ಲ ಅಂದರು. ಆಗಸ್ಟ್ 18ರಂದು ಒಪ್ಪಂದ ಆಯಿತು. 2011ರಲ್ಲಿ ಗ್ಬೋವಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ನಾನು ಕೆಲಸ ಮಾಡುವುದು ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ. ಅಲ್ಲಿ ಒಬ್ಬರ ಫ್ಲಾಸ್ಕಿನ ಬಿಸಿನೀರು ಇನ್ನೊಬ್ಬರ ಲೋಟಕ್ಕೆ ಹೋಗುವಾಗ ಯಾರೂ ಹೆಸರು ಕೇಳುವುದಿಲ್ಲ. ನಿಮ್ಮ ಶಾಂತಿ ಸಭೆಗೆ ಎಷ್ಟು ಹೆಂಗಸರನ್ನು ಕರೆದಿದ್ದಾರೆ ಸಾರ್?


ಕಾನೋ ಬಿಟ್ಟು ಬಂದವ:

ಒಬ್ಬರನ್ನೂ ಇಲ್ಲ ತಾಯಿ. ಪಟ್ಟಿ ನನ್ನ ಮುಂದೆಯೇ ಇದೆ. 34 ಹೆಸರು, ಎಲ್ಲ ಗಂಡಸರು. ಬುಧವಾರ ಇದನ್ನು ಎತ್ತುತ್ತೇನೆ.


ಕೊಲ್ಲಿಯಲ್ಲಿರುವ ಕನ್ನಡಿಗ:

ಅಬುಧಾಬಿಯಲ್ಲಿ ಅಬ್ರಹಾಮಿಕ್ ಫ್ಯಾಮಿಲಿ ಹೌಸ್ ಅಂತ ಇದೆ. 2023ರಲ್ಲಿ ತೆರೆದರು. ಒಂದೇ ಅಂಗಳದಲ್ಲಿ ಮಸೀದಿ, ಚರ್ಚು, ಯಹೂದಿಗಳ ಸಿನಗಾಗ್. ಮೂರೂ ಒಂದೇ ಅಳತೆಯ ಚೌಕ ಕಟ್ಟಡಗಳು, ಯಾವುದೂ ಇನ್ನೊಂದಕ್ಕಿಂತ ದೊಡ್ಡದಲ್ಲ. 2019ರ ಫೆಬ್ರವರಿ 4ರಂದು ಪೋಪ್ ಫ್ರಾನ್ಸಿಸ್, ಈಜಿಪ್ಟಿನ ಅಲ್ ಅಝರ್ ಮಸೀದಿಯ ದೊಡ್ಡ ಇಮಾಮ್ ಅಹ್ಮದ್ ಅಲ್ ತಯ್ಯಿಬ್ ಇದೇ ಊರಲ್ಲಿ ಮಾನವ ಸಹೋದರತ್ವದ ಪತ್ರಕ್ಕೆ ಸಹಿ ಹಾಕಿದ್ದರು. ಅದಾದ ಮೇಲೆ ಕಟ್ಟಿದ್ದು.

ಶುಕ್ರವಾರ ರಜೆ ಸಿಕ್ಕಾಗ ನನ್ನ ರೂಮಿನವರ ಜೊತೆ ಹೋಗಿದ್ದೆ. ಒಬ್ಬ ಕೇರಳದ ಕ್ರೈಸ್ತ, ಒಬ್ಬ ಬೀದರಿನ ಮುಸ್ಲಿಂ, ನಾನು. ಚೆನ್ನಾಗಿದೆ, ಮನಸ್ಸಿಗೆ ತಂಪಾಯಿತು. ಆದರೆ ನಿಜ ಹೇಳಬೇಕೆಂದರೆ ನಮ್ಮ ರೂಮಿನ ಅಡುಗೆ ಪಾಳಿಯೇ ನನಗೆ ಜಾಸ್ತಿ ಕಲಿಸಿದೆ.


ಬೆಳಗಾವಿಯಿಂದ:

2023ರಲ್ಲಿ ಅನಂತ ಚತುರ್ದಶಿ, ಈದ್ ಮಿಲಾದ್ ಎರಡೂ ಸೆಪ್ಟೆಂಬರ್ 28ರಂದೇ ಬಂದಿದ್ದವು. ಮುಂಬಯಿಯಲ್ಲಿ ಮುಸ್ಲಿಮರು ಜುಲೂಸನ್ನು ಮರುದಿನಕ್ಕೆ ಹಾಕಿಕೊಂಡರು. ನಮ್ಮ ಬೆಳಗಾವಿಯಲ್ಲೂ ಮುಂದೆ ಹಾಕಿದರು. ಎರಡೂ ಕಡೆಯ ಹಿರಿಯರು ಕೂತು ಮಾತಾಡಿದ್ದರಿಂದ ಆದದ್ದು. ಹಬ್ಬದ ದಿನಾಂಕ ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಇಂಥದ್ದು ಪೇಪರಿನಲ್ಲಿ ಒಂದು ಕಾಲಮ್ಮಿನಷ್ಟು ಬರುತ್ತದೆ, ಕಲ್ಲು ಬಿದ್ದರೆ ಪೂರ್ತಿ ಪುಟ.


ತುಂಗಭದ್ರೆ ಮೇಷ್ಟ್ರು:

ನಾನು ಸೋತೆ ಅನ್ನುವುದಿಲ್ಲ, ಆದರೆ ನನ್ನ ಪ್ರಶ್ನೆ ಬದಲಾಗಿದೆ. ನಿನ್ನೆ ರಾತ್ರಿ ಇದನ್ನೇ ಯೋಚಿಸುತ್ತಾ ಹಳೆಯ ಪತ್ರಿಕೆಯ ತುಣುಕುಗಳನ್ನು ಹುಡುಕಿದೆ. ಉಗಾಂಡದ್ದು ಸಿಕ್ಕಿತು.

ಉತ್ತರ ಉಗಾಂಡದಲ್ಲಿ ಬಂಡುಕೋರ ಜೋಸೆಫ್ ಕೋನಿಯ ಪಡೆ ರಾತ್ರಿ ಹಳ್ಳಿಗಳಿಗೆ ನುಗ್ಗಿ ಮಕ್ಕಳನ್ನು ಎತ್ತಿಕೊಂಡು ಹೋಗುತ್ತಿತ್ತು. ಹುಡುಗರ ಕೈಗೆ ಬಂದೂಕು ಕೊಡುತ್ತಿದ್ದರು. ಹಾಗಾಗಿ ಸಾವಿರಾರು ಮಕ್ಕಳು ದಿನಾ ಸಂಜೆ ಚಾಪೆ ಸುತ್ತಿಕೊಂಡು ಗುಲು ಪಟ್ಟಣಕ್ಕೆ ನಡೆದು ಬರುತ್ತಿದ್ದರು. ಬಸ್ ನಿಲ್ದಾಣದಲ್ಲಿ, ಅಂಗಡಿಗಳ ಜಗಲಿಯಲ್ಲಿ ಮಲಗಿ, ಬೆಳಗ್ಗೆ ಎದ್ದು ನಡೆದು ಹೋಗುತ್ತಿದ್ದರು. ಅಲ್ಲಿನ ಆರ್ಚ್‌ಬಿಷಪ್ ಜಾನ್ ಬ್ಯಾಪ್ಟಿಸ್ಟ್ ಒಡಾಮಾ, ಆಂಗ್ಲಿಕನ್ ಬಿಷಪ್ ಮೆಕ್ಲಿಯೋಡ್ ಬೇಕರ್ ಓಚೊಲಾ, ಮುಸ್ಲಿಂ ಮುಖಂಡರು ಎಲ್ಲರೂ ಸೇರಿ ಅಚೋಲಿ ಧರ್ಮಗುರುಗಳ ಶಾಂತಿ ಸಂಘ ಮಾಡಿಕೊಂಡಿದ್ದರು. 2003ರ ಜೂನ್‌ನಲ್ಲಿ ಈ ಗುರುಗಳು ತಮ್ಮ ಮನೆ ಬಿಟ್ಟು ಬಂದು, ನಾಲ್ಕು ರಾತ್ರಿ ಆ ಮಕ್ಕಳ ಜೊತೆ ಗುಲು ಬಸ್ ನಿಲ್ದಾಣದ ನೆಲದ ಮೇಲೆ ಮಲಗಿದರು.

ಓಚೊಲಾ ಅವರ ಹೆಂಡತಿ ನೆಲಬಾಂಬಿಗೆ ಸಿಕ್ಕಿ ಸತ್ತಿದ್ದರು. ಮಗಳನ್ನೂ ಆ ಯುದ್ಧದ ದಿನಗಳಲ್ಲೇ ಕಳೆದುಕೊಂಡಿದ್ದರು. ಅಷ್ಟಾದರೂ ಬಂಡುಕೋರರಿಗೆ ಕ್ಷಮೆ ಕೊಡಿ, ಕಾಡಿನಿಂದ ಮಕ್ಕಳು ವಾಪಸ್ ಬರಲಿ ಅಂತ ಕೇಳಿದವರಲ್ಲಿ ಅವರೂ ಒಬ್ಬರು. 2000ದಲ್ಲಿ ಕ್ಷಮಾದಾನದ ಕಾಯ್ದೆ ಬಂತು.

ಕಾನೋ ಸಾರ್, ಮೊದಲು ಈ ಸಹಿಗೆ ಏನು ಬೆಲೆ ಅಂತ ಕೇಳಿದ್ದೆ. ಈಗ ಕೇಳುವುದು ಬೇರೆ. ಗಲಾಟೆ ಆಗಬಹುದು ಅನ್ನುವ ರಾತ್ರಿ ನಿಮ್ಮ ಮೂವರು ಗುರುಗಳು ಎಲ್ಲಿ ಮಲಗುತ್ತಾರೆ? ಅದನ್ನು ಸಭೆಯಲ್ಲಿ ಕೇಳಿ.


ಕಾನೋ ಬಿಟ್ಟು ಬಂದವ:

ನಿನ್ನೆಯ ಸಭೆಯ ವಿಷಯ ಬರೆಯುತ್ತಿದ್ದೇನೆ. ಗುರುವಾರ ರಾತ್ರಿ ಈಗ.

ಮೊದಲು ಇಲಾಖೆಯವರು ಡಿಜೆ, ಮೆರವಣಿಗೆ ದಾರಿ, ಸಮಯ ಎಲ್ಲ ಹೇಳಿದರು. ಆಮೇಲೆ ನಾನು ಕೈ ಎತ್ತಿದೆ. ಕೈ ನಡುಗುತ್ತಿತ್ತು. ಆ ಡ್ರೈವರಿನ ಟೋಪಿ ಕಥೆ ಹೇಳಿದೆ. ಕಡೂನಾದ್ದು ಚುಟುಕಾಗಿ ಹೇಳಿದೆ. ಆಮೇಲೆ ಮೂರು ವಿಷಯ ಕೇಳಿದೆ. ಮುಂದಿನ ಸಭೆಗೆ ಹೆಂಗಸರನ್ನು ಕರೆಯಬೇಕು. ಮೂವರು ಗುರುಗಳ ಫೋನ್ ನಂಬರು ಪರಸ್ಪರ ಇರಬೇಕು, ಸುಳ್ಳು ಸುದ್ದಿ ಬಂದರೆ ಹತ್ತು ನಿಮಿಷದೊಳಗೆ ಮಾತಾಡಿ ಅವರವರ ಗ್ರೂಪಿಗೆ ಅವರವರ ದನಿಯಲ್ಲೇ ಸಂದೇಶ ಹಾಕಬೇಕು. ವಿಸರ್ಜನೆ ರಾತ್ರಿ ಮೂವರೂ ಸಂತೆ ಬೀದಿಯಲ್ಲಿ ಕೂರಬೇಕು, ಕುರ್ಚಿ ನಾನು ಹಾಕಿಸುತ್ತೇನೆ.

ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹೆಂಗಸರ ವಿಷಯ ನೋಡೋಣ ಅಂದರು, ಅದು ನನಗೆ ಸಾಲದು, ಮತ್ತೆ ಕೇಳುತ್ತೇನೆ. ಸ್ವಾಮಿಗಳು ಮೊದಲು ಫೋನ್ ತೆಗೆದರು. ಇಷ್ಟು ವರ್ಷ ಪಕ್ಕ ಪಕ್ಕ ಕೂತವರು, ಒಬ್ಬರ ನಂಬರು ಒಬ್ಬರ ಹತ್ತಿರ ಇರಲಿಲ್ಲ. ಖತೀಬರಿಗೆ ಅಕ್ಷರ ಸರಿಯಾಗಿ ಕಾಣಲಿಲ್ಲ, ಫಾದರ್ ಅವರ ಫೋನ್ ತೆಗೆದುಕೊಂಡು ತಾವೇ ಹೆಸರು ಹಾಕಿ ಕೊಟ್ಟರು.

ಹೊರಗೆ ಬರುವಾಗ ಖತೀಬರು ನನ್ನನ್ನು ಪಕ್ಕಕ್ಕೆ ಕರೆದರು. ಈ ಶುಕ್ರವಾರದ ಬಯಾನಿನಲ್ಲಿ ಬೈಕ್ ಸೈಲೆನ್ಸರ್ ತೆಗೆದು ಓಡಿಸುವ ನಮ್ಮ ಹುಡುಗರ ವಿಷಯ ಎತ್ತುತ್ತೇನೆ, ಕಮಿಟಿಯವರಿಗೆ ಸಿಟ್ಟು ಬರಬಹುದು ಅಂದರು. ನಾನು ಬ್ಯಾರಿಯವರ ಮಾವನ ಮಂಚ ನೆನೆಸಿಕೊಂಡೆ. ಕಮಿಟಿಯಲ್ಲಿ ನನ್ನ ಜೊತೆ ಓದಿದವರು ಇಬ್ಬರಿದ್ದಾರೆ. ಸಂಜೆ ಇಬ್ಬರ ಮನೆಗೂ ಹೋಗಿ ಬಂದೆ. ಒಬ್ಬ ಸರಿ ಅಂದ. ಇನ್ನೊಬ್ಬ ಟೀ ಕೊಟ್ಟ, ಏನೂ ಹೇಳಲಿಲ್ಲ.

ನಾಳೆ ಮಧ್ಯಾಹ್ನ ಒಂದು ಗಂಟೆಗೆ ಬಯಾನ್. ಮಸೀದಿ ಎದುರಿನ ಹೋಟೆಲಿನಲ್ಲಿ ಕೂತಿರುತ್ತೇನೆ. ಸ್ವಾಮಿಗಳ ಮಠದಿಂದ ಒಬ್ಬ ಹುಡುಗ ಬಂದು, ಅಜ್ಜಾರೂ ಅದೇ ಹೊತ್ತಿಗೆ ಆ ಕಡೆ ಬರುತ್ತಾರಂತೆ, ನೀವು ಇರುತ್ತೀರಾ ಅಂತ ಕೇಳಿ ಹೋದ.